ಚಾಕು ಹಾಕಿದವ ಸಿಗದಿದ್ದರೂ ಪರಿಹಾರ ಉಂಟು!

ಚಾಕು ಹಾಕಿದವ ಪರಾರಿ. ಗಾಯಗೊಂಡವನ ಅಂಗಡಿಗೆ ಬೀಗ. ಸಂಸಾರಕ್ಕೆ ದಿಕ್ಕು ಯಾರು ಸ್ವಾಮಿ?

ಕಾನೂನಿನ ಲೆಕ್ಕದಲ್ಲಿ ಸರ್ಕಾರ! ದಂಡ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿ ತಂದ 357ಎ ಕಲಂ ಹಾಗೆ ಹೇಳಿತು. ಕರ್ನಾಟಕದ ಪರಿಹಾರ ಯೋಜನೆ 2011ರಲ್ಲಿ ಬಂತು. 2024ರ ಜುಲೈ 1ರಿಂದ ಅದೇ ಮಾತು ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಲ್ಲಿದೆ.

ಆರೋಪಿ ಪತ್ತೆಯಾಗದೆ, ಕೇಸು ಕೋರ್ಟು ಮೆಟ್ಟಿಲು ಹತ್ತದಿದ್ದರೂ ನೊಂದವರು ಇಲ್ಲವೇ ಅವರ ಅವಲಂಬಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಎರಡು ತಿಂಗಳೊಳಗೆ ವಿಚಾರಣೆ ಮುಗೀಬೇಕು. ಆಸಿಡ್ ದಾಳಿಗೆ ಕನಿಷ್ಠ 3 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಅಪ್ಪಣೆ ಮಾಡಿದೆ. ಆಸಿಡ್, ಅತ್ಯಾಚಾರಕ್ಕೆ ತುತ್ತಾದವರಿಗೆ ಖಾಸಗಿ ಆಸ್ಪತ್ರೆಯೂ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು.

ಎಲ್ಲಾ ಸರಿ. ಆದರೆ ಹೀಗೊಂದು ಅರ್ಜಿ ಉಂಟು ಅಂತ ನೊಂದವರಿಗೆ ಹೇಳೋರು ಯಾರು? ಹೇಳದಿದ್ದರೆ ದುಡ್ಡು ಖಜಾನೆಯಲ್ಲೇ, ನೊಂದವ ಬೀದಿಯಲ್ಲೇ!