ಸೌರ ಜಲತಾಪಕ ರಿಯಾಯಿತಿ (ಕರ್ನಾಟಕ)

ಸೌರ ಜಲತಾಪಕ ರಿಯಾಯಿತಿ ಎಂಬುದು ಬಿಸಿಲಿನಿಂದ ನೀರು ಕಾಯಿಸುವ ಉಪಕರಣವನ್ನು ಅಳವಡಿಸಿ ಬಳಸುತ್ತಿರುವ ಮನೆಗಳಿಗೆ ಕರ್ನಾಟಕದ ವಿದ್ಯುತ್ ಸರಬರಾಜು ಕಂಪನಿಗಳು ಮಾಸಿಕ ಬಿಲ್ಲಿನಲ್ಲಿ ನೀಡುವ ಕಡಿತ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹೊರಡಿಸುವ ದರಪಟ್ಟಿಯ ಷರತ್ತುಗಳಲ್ಲಿ ಇದು ಸೇರಿದೆ. ಬಳಸಿದ ಪ್ರತಿ ಯೂನಿಟ್‌ಗೆ 50 ಪೈಸೆಯಂತೆ, ಒಂದು ಸಂಪರ್ಕಕ್ಕೆ ತಿಂಗಳಿಗೆ ಗರಿಷ್ಠ 50 ರೂಪಾಯಿ ಕಡಿತ ದೊರೆಯುತ್ತದೆ. ಬೀದರ್ ಜಿಲ್ಲೆಯಲ್ಲಿ ಇದನ್ನು ಜಾರಿಗೊಳಿಸುವ ಸಂಸ್ಥೆ, ಕಲಬುರಗಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿ (ಜೆಸ್ಕಾಂ).

ಈ ರಿಯಾಯಿತಿ, 2007ರ ಕಡ್ಡಾಯ ಅಳವಡಿಕೆಯ ನಿಯಮ ಹಾಗೂ ಕೇಂದ್ರ ಸರ್ಕಾರ ಹಿಂದೆ ನೀಡುತ್ತಿದ್ದ ಬಂಡವಾಳ ಸಹಾಯಧನ ಇವು ಮೂರೂ ಬೇರೆ ಬೇರೆ. ಇವುಗಳನ್ನು ಒಂದೇ ಎಂದು ಭಾವಿಸುವುದರಿಂದ ಗ್ರಾಹಕರು ಈಗ ಇಲ್ಲದ ಸಹಾಯಧನವನ್ನು ನಿರೀಕ್ಷಿಸುವುದೂ, ಇರುವ ರಿಯಾಯಿತಿಗೆ ಅರ್ಜಿ ಸಲ್ಲಿಸದೆ ಉಳಿಯುವುದೂ ಉಂಟು.

ಹಿನ್ನೆಲೆ

ಕರ್ನಾಟಕದ ಮನೆಗಳಲ್ಲಿ ಕೊಠಡಿಯನ್ನು ಬೆಚ್ಚಗಿಡುವ ವ್ಯವಸ್ಥೆ ವಿರಳ. ಶಾಖಕ್ಕಾಗಿ ಇಂಧನ ವ್ಯಯವಾಗುವುದು ಮುಖ್ಯವಾಗಿ ಅಡುಗೆಗೆ ಮತ್ತು ಸ್ನಾನದ ನೀರಿಗೆ. ಬೀದರ್ ಜಿಲ್ಲೆಯು ದಖನ್ ಪ್ರಸ್ಥಭೂಮಿಯ ಎತ್ತರದ ಭಾಗದಲ್ಲಿರುವುದರಿಂದ ಡಿಸೆಂಬರ್ ಮತ್ತು ಜನವರಿಯಲ್ಲಿ ಇಲ್ಲಿ ಚಳಿ ಹೆಚ್ಚು. ಬೇಮಳಖೇಡ, ಹುಮನಾಬಾದ್, ಬಸವಕಲ್ಯಾಣ ಭಾಗದ ಮನೆಗಳಲ್ಲಿ ಬಚ್ಚಲ ಒಲೆಯ ಮೇಲಿನ ಹಂಡೆ, ತಾಮ್ರದ ಬಂಬ ಹಾಗೂ ಬಕೆಟ್ಟಿಗೆ ಇಳಿಬಿಡುವ ವಿದ್ಯುತ್ ಕಾಯಿಲ್ ನೀರು ಕಾಯಿಸುವ ರೂಢಿಯ ಸಾಧನಗಳು. ತೊಗರಿ ಬೆಳೆಯುವ ಈ ಪ್ರದೇಶದಲ್ಲಿ ತೊಗರಿ ಕಟ್ಟಿಗೆ ಮತ್ತು ಕುಳ್ಳು ಸುಲಭವಾಗಿ ಸಿಗುವ ಉರುವಲು. ಪಟ್ಟಣಗಳಲ್ಲಿ ವಿದ್ಯುತ್ ಗೀಸರ್ ಬಳಕೆಯಿದೆ.

ಚಳಿಗಾಲದ ಬೆಳಗಿನ ಹೊತ್ತು ಮನೆಮನೆಯಲ್ಲಿ ಒಂದೇ ಸಮಯಕ್ಕೆ ಗೀಸರ್ ಹಾಗೂ ಕಾಯಿಲ್‌ಗಳು ಚಾಲನೆಗೊಳ್ಳುವುದರಿಂದ ವಿದ್ಯುತ್ ಜಾಲದ ಮೇಲೆ ಒತ್ತಡ ಏರುತ್ತದೆ. ಸೌರ ಜಲತಾಪಕವು ಹಗಲಿನಲ್ಲಿ ಕಾಯಿಸಿದ ನೀರನ್ನು ಶಾಖನಿರೋಧಕ ಟ್ಯಾಂಕಿನಲ್ಲಿ ಮರುದಿನ ಬೆಳಗಿನವರೆಗೆ ಬಿಸಿಯಾಗಿ ಇರಿಸಬಲ್ಲದು. ಹೀಗೆ ಬೆಳಗಿನ ಬೇಡಿಕೆ ತಗ್ಗುವುದರಿಂದ ಅದರ ಬಳಕೆಯು ವಿದ್ಯುತ್ ಕಂಪನಿಗಳಿಗೂ ಅನುಕೂಲಕರ.

ಕಡ್ಡಾಯ ನಿಯಮ ಮತ್ತು ಹಿಂದಿನ ಸಹಾಯಧನ

ರಾಜ್ಯ ಸರ್ಕಾರವು 2007ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶದಂತೆ ನಗರ ಸ್ಥಳೀಯ ಸಂಸ್ಥೆಗಳ ಹಾಗೂ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ 600 ಚದರ ಅಡಿ ಮತ್ತು ಅದಕ್ಕಿಂತ ಹೆಚ್ಚು ನಿರ್ಮಿತ ವಿಸ್ತೀರ್ಣದ ವಾಸದ ಕಟ್ಟಡಗಳಲ್ಲಿ ಸೌರ ಜಲತಾಪಕದ ಅಳವಡಿಕೆ ಕಡ್ಡಾಯವಾಯಿತು. ಈ ಆದೇಶದ ವ್ಯಾಪ್ತಿ ಹುಮನಾಬಾದ್ ಮತ್ತು ಬಸವಕಲ್ಯಾಣದಂತಹ ಪಟ್ಟಣಗಳಿಗೆ ಸಂಬಂಧಿಸಿದ್ದು; ಗ್ರಾಮ ಪಂಚಾಯತಿಯ ಆಡಳಿತಕ್ಕೆ ಒಳಪಟ್ಟ ಬೇಮಳಖೇಡದಂತಹ ಊರುಗಳು ಅದರ ಹೊರಗಿವೆ. ಆದರೆ ಬಿಲ್ಲಿನ ರಿಯಾಯಿತಿಯನ್ನು ಗೃಹಬಳಕೆಯ ದರವರ್ಗಕ್ಕೆ ನೀಡಲಾಗಿರುವುದರಿಂದ, ಅಳವಡಿಕೆ ಕಡ್ಡಾಯವಲ್ಲದ ಹಳ್ಳಿಯ ಮನೆಗಳೂ ಅದಕ್ಕೆ ಅರ್ಹ.

ಕೇಂದ್ರ ಸರ್ಕಾರವು 2010ರಲ್ಲಿ ಆರಂಭಿಸಿದ ಜವಾಹರಲಾಲ್ ನೆಹರು ರಾಷ್ಟ್ರೀಯ ಸೌರ ಅಭಿಯಾನದಡಿ ಜಲತಾಪಕಗಳ ಮಾನದಂಡ ವೆಚ್ಚದ ಶೇ. 30ರವರೆಗೆ ಬಂಡವಾಳ ಸಹಾಯಧನ ದೊರೆಯುತ್ತಿತ್ತು. 2014ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಲಾಯಿತು.

ರಿಯಾಯಿತಿಯ ಲೆಕ್ಕ

ತಿಂಗಳಿಗೆ 60 ಯೂನಿಟ್ ಬಳಸುವ ಮನೆಗೆ 30 ರೂಪಾಯಿ, 100 ಯೂನಿಟ್ ಬಳಸುವ ಮನೆಗೆ 50 ರೂಪಾಯಿ ಕಡಿತವಾಗುತ್ತದೆ. 150 ಯೂನಿಟ್ ಬಳಸಿದರೂ ಕಡಿತ 50 ರೂಪಾಯಿಯನ್ನು ಮೀರದು. ಅಂದರೆ ವರ್ಷಕ್ಕೆ ದೊರೆಯಬಹುದಾದ ಗರಿಷ್ಠ ಮೊತ್ತ 600 ರೂಪಾಯಿ.

ಉಪಕರಣದ ನೇರ ಉಳಿತಾಯ ಇದಕ್ಕಿಂತ ಬಹಳ ದೊಡ್ಡದು. 2 ಕಿಲೋವ್ಯಾಟ್ ಸಾಮರ್ಥ್ಯದ ಗೀಸರ್ ದಿನಕ್ಕೆ ಒಂದು ಗಂಟೆ ನಡೆದರೆ 2 ಯೂನಿಟ್, ತಿಂಗಳಿಗೆ ಸುಮಾರು 60 ಯೂನಿಟ್ ವ್ಯಯವಾಗುತ್ತದೆ. ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ ಅಂದಾಜಿನಂತೆ ದಿನಕ್ಕೆ 100 ಲೀಟರ್ ಸಾಮರ್ಥ್ಯದ ಸೌರ ಜಲತಾಪಕವು ಗೀಸರ್‌ಗೆ ಬದಲಾಗಿ ನಿಂತು ವರ್ಷಕ್ಕೆ ಸುಮಾರು 1,500 ಯೂನಿಟ್ ಉಳಿಸಬಲ್ಲದು. ಆದ್ದರಿಂದ ಖರೀದಿಯ ಲಾಭನಷ್ಟವನ್ನು ನಿರ್ಧರಿಸುವುದು ಉಳಿಯುವ ಯೂನಿಟ್‌ಗಳೇ ಹೊರತು ರಿಯಾಯಿತಿಯ ಮೊತ್ತವಲ್ಲ.

ಅರ್ಜಿ ಮತ್ತು ಪರಿಶೀಲನೆ

ಉಪಕರಣ ಅಳವಡಿಸಿದ ಮಾತ್ರಕ್ಕೆ ಕಂಪನಿಗೆ ಅದರ ಮಾಹಿತಿ ತಲುಪುವುದಿಲ್ಲ. ಗ್ರಾಹಕರು ಸ್ಥಳೀಯ ವಿದ್ಯುತ್ ಕಚೇರಿಗೆ ಅರ್ಜಿ ನೀಡಬೇಕು. ಅರ್ಜಿಯಲ್ಲಿ ಬಿಲ್ಲಿನ ಮೇಲಿರುವ ಆರ್‌ಆರ್ ಸಂಖ್ಯೆಯನ್ನು ನಮೂದಿಸಿ, ಇತ್ತೀಚಿನ ಬಿಲ್ಲು ಹಾಗೂ ಖರೀದಿ ರಸೀದಿಯ ಪ್ರತಿಗಳನ್ನು ಜೊತೆಗಿಡುವುದು ಉಪಯುಕ್ತ. ದರಪಟ್ಟಿಯ ಷರತ್ತಿನಲ್ಲಿ ಉಪಕರಣವನ್ನು ‘ಅಳವಡಿಸಿ ಬಳಸುತ್ತಿರಬೇಕು’ ಎಂದಿರುವುದರಿಂದ, ಕೆಟ್ಟು ನಿಂತ ಜಲತಾಪಕಕ್ಕೆ ರಿಯಾಯಿತಿ ಸಲ್ಲದು. ಸಾಮೂಹಿಕ ಜಲತಾಪಕವಿರುವ ವಸತಿ ಸಮುಚ್ಚಯಗಳಲ್ಲಿ ಪ್ರತಿ ಮನೆಗೆ ಕನಿಷ್ಠ 100 ಲೀಟರ್ ಸಾಮರ್ಥ್ಯವಿದ್ದರೆ ಪ್ರತಿಯೊಂದು ಸಂಪರ್ಕಕ್ಕೂ ಪ್ರತ್ಯೇಕ ಕಡಿತ ದೊರೆಯುತ್ತದೆ.

ಮಂಜೂರಾದ ನಂತರದ ಬಿಲ್ಲಿನಲ್ಲಿ ಕಡಿತ ಕಾಣದಿದ್ದರೆ ಮೊದಲು ಅದೇ ಕಚೇರಿಯಲ್ಲಿ ಅಥವಾ 1912 ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಪರಿಹಾರ ಸಿಗದಿದ್ದರೆ 2003ರ ವಿದ್ಯುತ್ ಕಾಯ್ದೆಯ 42ನೇ ವಿಧಿಯಡಿ ರಚನೆಯಾಗಿರುವ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿಂದ ಮುಂದೆ ವಿದ್ಯುತ್ ಓಂಬುಡ್ಸ್‌ಮನ್‌ಗೂ ಮೊರೆಹೋಗಲು ಅವಕಾಶವಿದೆ.

ಇತರ ಯೋಜನೆಗಳೊಂದಿಗೆ ಸಂಬಂಧ

ಗೃಹಜ್ಯೋತಿ: 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಡಿ ಗೃಹ ಸಂಪರ್ಕಗಳಿಗೆ ಮಾಸಿಕ 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ದೊರೆಯುತ್ತದೆ. ಪ್ರತಿ ಮನೆಯ ಅರ್ಹ ಪ್ರಮಾಣವನ್ನು ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಪಡಿಸಲಾಗಿದೆ. ಶೂನ್ಯ ಬಿಲ್ಲು ಬರುವ ಮನೆಗೆ ಪಾವತಿಸಬೇಕಾದ ಮೊತ್ತವೇ ಇಲ್ಲದ ಕಾರಣ ಜಲತಾಪಕದ ಕಡಿತದಿಂದ ಹೆಚ್ಚಿನ ಲಾಭವಿಲ್ಲ. ಆದರೆ 200 ಯೂನಿಟ್ ಮೀರಿದ ತಿಂಗಳಲ್ಲಿ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುವುದರಿಂದ, ಚಳಿಗಾಲದಲ್ಲಿ ಗೀಸರ್‌ನ ಬಳಕೆಯನ್ನು ತಪ್ಪಿಸುವುದು ಆ ಗಡಿಯ ಸಮೀಪವಿರುವ ಮನೆಗಳಿಗೆ ಮುಖ್ಯವಾಗುತ್ತದೆ.

ಪಿಎಂ ಸೂರ್ಯಘರ್: 2024ರ ಫೆಬ್ರವರಿಯಲ್ಲಿ ಆರಂಭವಾದ ಈ ಕೇಂದ್ರ ಯೋಜನೆಯು 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ಸಾಮರ್ಥ್ಯಕ್ಕೆ 78,000 ರೂಪಾಯಿವರೆಗೆ ಸಹಾಯಧನ ಒದಗಿಸುತ್ತದೆ. ಇದು ಚಾವಣಿಯ ಮೇಲೆ ವಿದ್ಯುತ್ ಉತ್ಪಾದಿಸುವ ಸೌರ ಫಲಕಗಳಿಗೆ ಮೀಸಲು. ನೀರು ಕಾಯಿಸುವ ಉಪಕರಣಕ್ಕೆ ಅನ್ವಯಿಸದು.

ಉಪಕರಣದ ಆಯ್ಕೆ

ಜಲತಾಪಕಗಳಲ್ಲಿ ಚಪ್ಪಟೆ ಫಲಕದ ಮತ್ತು ನಿರ್ವಾತ ಗಾಜಿನ ಕೊಳವೆಯ ಎರಡು ಬಗೆಗಳಿವೆ. ಕೊಳವೆಬಾವಿಯ ಗಡಸು ನೀರಿರುವಲ್ಲಿ ಚಪ್ಪಟೆ ಫಲಕದ ಕಿರಿದಾದ ತಾಮ್ರದ ನಾಳಗಳಲ್ಲಿ ಸುಣ್ಣದ ಪದರ ಕಟ್ಟಿಕೊಂಡು ಹರಿವು ಕುಗ್ಗುತ್ತದೆ. ಅಂತಹ ಕಡೆ ಗಾಜಿನ ಕೊಳವೆಯ ಬಗೆ ಹೆಚ್ಚು ಸೂಕ್ತ. ಉಪಕರಣವನ್ನು ನೆರಳು ಬೀಳದ ಸ್ಥಳದಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸಬೇಕು. ತಣ್ಣೀರಿನ ಟ್ಯಾಂಕು ಬಿಸಿನೀರಿನ ಟ್ಯಾಂಕಿಗಿಂತ ಎತ್ತರದಲ್ಲಿದ್ದರೆ ಪಂಪಿನ ಅಗತ್ಯವಿಲ್ಲ.

ಮಿತಿಗಳು

ರಿಯಾಯಿತಿಯು ಬಳಸಿದ ಯೂನಿಟ್‌ಗಳನ್ನು ಅವಲಂಬಿಸಿರುವುದರಿಂದ, 100 ಯೂನಿಟ್‌ವರೆಗೆ ಕಡಿಮೆ ವಿದ್ಯುತ್ ಬಳಸುವ ಮನೆಗೆ ಕಡಿಮೆ, ಹೆಚ್ಚು ಬಳಸುವ ಮನೆಗೆ ಹೆಚ್ಚು ಕಡಿತ ಸಲ್ಲುತ್ತದೆ. ಕಟ್ಟಿಗೆಯ ಬಂಬವನ್ನು ಬಿಟ್ಟು ಸೌರ ಜಲತಾಪಕಕ್ಕೆ ಬದಲಾಗುವ ಹಳ್ಳಿಯ ಮನೆಗೆ ವಿದ್ಯುತ್ ಬಿಲ್ಲಿನಲ್ಲಿ ಉಳಿತಾಯವೂ ಆಗದು. ಅದರ ಲಾಭ ಹೊಗೆಯಿಲ್ಲದ ಬಚ್ಚಲು ಮತ್ತು ಉರುವಲು ಹೊಂದಿಸುವ ಶ್ರಮದ ಇಳಿಕೆ. ಇವುಗಳಿಗೆ ಈ ರಿಯಾಯಿತಿಯ ಲೆಕ್ಕದಲ್ಲಿ ಸ್ಥಾನವಿಲ್ಲ. ದರಪಟ್ಟಿಯನ್ನು ಆಯೋಗವು ಕಾಲಕಾಲಕ್ಕೆ ಪರಿಷ್ಕರಿಸುವ ಕಾರಣ, ಅರ್ಜಿಯ ಸಮಯದಲ್ಲಿ ಜಾರಿಯಲ್ಲಿರುವ ಆದೇಶದ ಷರತ್ತುಗಳೇ ಅನ್ವಯವಾಗುತ್ತವೆ.