ನಾಲ್ಕೂ ಗಾಲಿಗೆ ಶಕ್ತಿ ಹೋಗುವುದು ಹೇಗೆ?

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ದಾದಿಮಾಗೆ, ಅಂದರೆ ಅಬ್ಬಾನ ತಾಯಿಗೆ, ಉಸಿರಾಟದ ತೊಂದರೆ ಶುರುವಾಯಿತು. ಚಾಚಾ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಬೋನಾಳದಿಂದ ಸುರಪುರಕ್ಕೆ ಹೊರಟರು. ನಾನೂ ಜೊತೆಗಿದ್ದೆ. ನಮ್ಮದು ಹೊಲದ ಮನೆ. ಡಾಂಬರು ರಸ್ತೆ ಮುಟ್ಟುವ ಮೊದಲೇ ಎರೆಮಣ್ಣಿನ ರಾಡಿಯಲ್ಲಿ ಕಾರು ಹುಗಿದುಕೊಂಡಿತು. ಇಳಿದು ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಮುಂದಿನ ಎಡಗಾಲಿ ರಾಡಿ ಎರಚುತ್ತಾ ಗರಗರ ತಿರುಗುತ್ತಿತ್ತು. ಬಲಗಾಲಿ ಅಲುಗಾಡುತ್ತಲೇ ಇರಲಿಲ್ಲ.

"ಎಸ್‌ಯುವಿ ಅಂತ ತಗೊಂಡಿದ್ದು, ಫೋರ್ ವೀಲ್ ಇರಬೇಕಲ್ಲ?" ಅಂದರು ಚಾಚಾ. ಇರಲಿಲ್ಲ. ನಮ್ಮಲ್ಲಿ ಮಾರಾಟವಾಗುವ ಸಣ್ಣ ಎಸ್‌ಯುವಿಗಳಲ್ಲಿ ಹೆಚ್ಚಿನವುಗಳ ಮುಂದಿನ ಎರಡು ಗಾಲಿಗೆ ಮಾತ್ರ ಎಂಜಿನ್ ಶಕ್ತಿ ಹೋಗುತ್ತದೆ.

ಆದರೆ ಆ ಎರಡರಲ್ಲೂ ಒಂದೇ ಏಕೆ ತಿರುಗಿತು? ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕಾಗಿ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಈ ಗೇರುಗಳ ಪೆಟ್ಟಿಗೆ ಬಿಡುತ್ತದೆ. ಆದರೆ ಬಲವನ್ನು ಮಾತ್ರ ಎರಡಕ್ಕೂ ಸಮನಾಗಿ ಹಂಚುತ್ತದೆ. ಕಾಮರ್ಸ್‌ನವರಿಗೆ ಹೇಳುವುದಾದರೆ ಇದು ಸಮಪಾಲಿನ ಪಾಲುದಾರಿಕೆ. ಜಾರುವ ಗಾಲಿ ಸುಮ್ಮನೆ ತಿರುಗಲು ಹತ್ತು ರೂಪಾಯಿಯಷ್ಟೇ ಬಲ ಸಾಕು ಅಂದರೆ, ಗಟ್ಟಿ ನೆಲದ ಮೇಲಿರುವ ಗಾಲಿಗೂ ಹತ್ತೇ ರೂಪಾಯಿ. ಅಷ್ಟರಲ್ಲಿ ಕಾರು ಏಳುವುದಿಲ್ಲ.

ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಬಂತು. "ರೇಸ್ ಕೊಡಬ್ಯಾಡ್ರಿ ಸಾಹೇಬ್ರ, ಇನ್ನಷ್ಟು ಹುಗಿತದ" ಅಂತ ಡ್ರೈವರ್ ಹಗ್ಗ ಕಟ್ಟಿದರು. ಎಳೆಯುವಾಗ ಟ್ರ್ಯಾಕ್ಟರ್‌ನ ಗಾಲಿಯೂ ಒಮ್ಮೆ ಜಾರಿತು. ಅವರು ಕಾಲಿನಿಂದ ಒಂದು ಪೆಡಲ್ ಒತ್ತಿದರು. ಹಿಂದಿನ ಎರಡೂ ಗಾಲಿ ಒಟ್ಟಿಗೆ ತಿರುಗಿ ಕಾರು ಹೊರಬಂತು. ಅದೇ ಡಿಫರೆನ್ಷಿಯಲ್ ಲಾಕ್. ಹೊಲದವರಿಗೆಲ್ಲ ಗೊತ್ತಿರುವ ಈ ಪೆಡಲ್‌ನ ಲೆಕ್ಕ ನನಗೆ ಅರ್ಥವಾಗಿದ್ದು ಅವತ್ತೇ.

ದಾದಿಮಾ ಆಸ್ಪತ್ರೆ ಮುಟ್ಟಿದ್ದು ಒಂದು ಗಂಟೆ ತಡವಾಗಿ. ಅಲ್‌ಹಮ್ದುಲಿಲ್ಲಾಹ್, ಈಗ ಚೆನ್ನಾಗಿದ್ದಾರೆ. ಚಾಚಾ ಮಾತ್ರ "ಮುಂದಿನ ಗಾಡಿ ಫೋರ್ ವೀಲೇ" ಅಂತ ಹಟ ಹಿಡಿದರು. ಹತ್ತಿಯ ದುಡ್ಡು ಅದಕ್ಕೇ ಎತ್ತಿಟ್ಟಿದ್ದಾರೆ. ಹಾಗಾಗಿ ನಾನು ಓದತೊಡಗಿದೆ.

ಇದರಲ್ಲಿ ಎರಡು ಬಗೆ. ಮೊದಲನೆಯದು 2022ರಲ್ಲಿ ಬಂದ ಗ್ರ್ಯಾಂಡ್ ವಿಟಾರಾದಂಥದ್ದು. ಅದು ತಯಾರಾಗುವುದು ನಮ್ಮದೇ ರಾಜ್ಯದ ಬಿಡದಿಯಲ್ಲಿ. ಅದರ ಕೆಲವು ಮಾದರಿಗಳಲ್ಲಿ ಮಾತ್ರ ನಾಲ್ಕೂ ಗಾಲಿಗೆ ಶಕ್ತಿ ಇದೆ. ಮುಂದಿನಿಂದ ಹಿಂದಕ್ಕೆ ಒಂದು ಉದ್ದನೆಯ ಶಾಫ್ಟ್ ಹೋಗುತ್ತದೆ. ಹಿಂದಿನ ಗಾಲಿಗಳಿಗೆ ಮೊದಲು ಒಂದು ಕಪ್ಲಿಂಗ್, ಅದರೊಳಗೆ ಕ್ಲಚ್‌ನಂಥ ತಟ್ಟೆಗಳು. ಒಳ್ಳೆಯ ರಸ್ತೆಯಲ್ಲಿ ಹೆಚ್ಚಾಗಿ ಮುಂದಿನ ಗಾಲಿಗಳೇ ದುಡಿಯುತ್ತವೆ. ಮುಂದಿನ ಗಾಲಿ ಜಾರಿದ್ದನ್ನು ಸೆನ್ಸರ್ ಹೇಳಿದ ಕೂಡಲೇ ಕಂಪ್ಯೂಟರ್ ತಟ್ಟೆಗಳನ್ನು ಒತ್ತಿಸಿ ಹಿಂದಕ್ಕೂ ಬಲ ಕಳಿಸುತ್ತದೆ. ಜಾರುವ ಗಾಲಿಗೆ ತಾನೇ ಬ್ರೇಕ್ ಹಿಡಿದು ಜೊತೆಗಾಲಿಗೆ ಬಲ ಸಿಗುವಂತೆಯೂ ಮಾಡುತ್ತದೆ. ಆದರೆ ಇಂಥ ಕಪ್ಲಿಂಗ್ ರಾಡಿಯಲ್ಲಿ ಬಹಳ ಹೊತ್ತು ದುಡಿದರೆ ಬಿಸಿಯಾಗುತ್ತದೆ.

ಎರಡನೆಯದು 2023ರಲ್ಲಿ ಇಲ್ಲಿಗೆ ಬಂದ ಜಿಮ್ನಿ. ಅದರಲ್ಲಿ ಬೇರೊಂದು ಲಿವರ್ ಇದೆ. ಡ್ರೈವರ್ ಹಾಕಿದರೆ ಮುಂದಿನ, ಹಿಂದಿನ ಶಾಫ್ಟ್ ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ಲೋ ಗೇರ್‌ನಲ್ಲಿ ನಿಧಾನ ಹೆಚ್ಚು, ಎಳೆತವೂ ಹೆಚ್ಚು. ಒಣ ಡಾಂಬರಿನ ಮೇಲೆ ಮಾತ್ರ ಹಾಗೆ ಓಡಿಸಬಾರದು. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳು ಓಡುವ ದೂರ ಬೇರೆಯಾಗಿ ಗೇರುಗಳು ಬಿಗಿದುಕೊಳ್ಳುತ್ತವೆ.

ಇಷ್ಟೆಲ್ಲ ಇದ್ದರೂ ನಮ್ಮ ಎರೆಮಣ್ಣು ಬೇರೆಯದೇ ಆಟ ಆಡುತ್ತದೆ. ಟೈರಿನ ಕಚ್ಚುಗಳಲ್ಲಿ ಮಣ್ಣು ತುಂಬಿದರೆ ನಾಲ್ಕೂ ಗಾಲಿ ನುಣ್ಣಗೆ. ಆಗ ಎರಡರ ಬದಲು ನಾಲ್ಕು ಜಾರುತ್ತವೆ, ಅಷ್ಟೇ. ಇದನ್ನು ಚಾಚಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ಹೆಚ್ಚಿನ ರೊಕ್ಕದಾಗ ನಮ್ಮ ದಾರಿಗೆ ಎಷ್ಟು ಟ್ರಿಪ್ ಗರಸು ಬೀಳ್ತದ, ಲೆಕ್ಕ ಹಾಕು" ಅಂದರು. ಶೋರೂಮಿನ ದರಪಟ್ಟಿ ಬಂದಿದೆ. ಗರಸಿನವರ ರೇಟು ಇನ್ನೂ ಬರಬೇಕು.