ಇಂಪೋರ್ಟ್ ಎಂದರೆ ಪೈಥಾನ್ ಎಲ್ಲೆಲ್ಲಿ ಹುಡುಕುತ್ತದೆ?

ನಾನು ಪಾಠ ಹೇಳುವ ಪಾಲಿಟೆಕ್ನಿಕ್ ಮಕ್ಕಳಿಗೆ ಪೈಥಾನ್‌ನ ಲೂಪು, ಫಂಕ್ಷನ್ನುಗಳು ಬೇಗ ಒಲಿಯುತ್ತವೆ. ತೊಡಕು ಶುರುವಾಗುವುದು ಪ್ರೋಗ್ರಾಮು ಎರಡನೆಯ ಫೈಲಿಗೆ ಕಾಲಿಟ್ಟಾಗ. ಹುಡುಗಿಯೊಬ್ಬಳು ದಾಳದ ಆಟ ಬರೆದು ಫೈಲಿಗೆ ‘ರ‍್ಯಾಂಡಮ್.ಪಿವೈ’ ಎಂದು ಹೆಸರಿಟ್ಟಿದ್ದಳು. ಮೊದಲ ಸಾಲೇ ‘ಇಂಪೋರ್ಟ್ ರ‍್ಯಾಂಡಮ್’. ಓಡಿಸಿದರೆ, ‘ರ‍್ಯಾಂಡಮ್‌ನಲ್ಲಿ ರ‍್ಯಾಂಡ್‌ಇಂಟ್ ಇಲ್ಲವೇ ಇಲ್ಲ’ ಎಂದು ಪೈಥಾನ್ ತಕರಾರು ತೆಗೆಯಿತು. “ಮೇಡಂ, ಪುಸ್ತಕದಲ್ಲಿ ಇದ್ದ ಹಾಗೇ ಬರ್ದಿದೀನಿ” ಎಂದಳು. ಬರೆದದ್ದು ಸರಿಯಾಗಿಯೇ ಇತ್ತು. ಫೈಲಿನ ಹೆಸರೇ ಅಡ್ಡ ಬಂದಿತ್ತು.

ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಮೊದಲ ಪೈಥಾನ್‌ನಲ್ಲೇ ಮಾಡ್ಯೂಲುಗಳಿದ್ದವು. ಮಾಡ್ಯೂಲ್ ಎಂದರೆ ಸಾಮಾನ್ಯವಾಗಿ ಒಂದು ಪಿವೈ ಫೈಲು, ಅಷ್ಟೆ. ಇಂಪೋರ್ಟ್ ಎಂದೊಡನೆ ಪೈಥಾನ್ ಮೊದಲು ‘ಸಿಸ್.ಮಾಡ್ಯೂಲ್ಸ್’ ಪಟ್ಟಿ ನೋಡುತ್ತದೆ. ಈಗಾಗಲೇ ತಂದದ್ದಾದರೆ ಅದನ್ನೇ ಕೊಡುತ್ತದೆ. ಹಾಗಾಗಿ ಹತ್ತು ಕಡೆ ಇಂಪೋರ್ಟ್ ಮಾಡಿದರೂ ಫೈಲಿನೊಳಗಿನ ಕೋಡು ಓಡುವುದು ಒಂದೇ ಸಲ. ಅಲ್ಲಿ ಇಲ್ಲದಿದ್ದರೆ, ತನ್ನೊಳಗೇ ಬೆಸೆದುಕೊಂಡಿರುವ ಕೆಲವು ಮಾಡ್ಯೂಲುಗಳನ್ನು ನೋಡಿ, ಆಮೇಲೆ ‘ಸಿಸ್.ಪಾತ್’ನಲ್ಲಿರುವ ಫೋಲ್ಡರುಗಳನ್ನು ಸಾಲಾಗಿ ತಡಕುತ್ತದೆ. ಮೊದಲ ಸ್ಥಾನ ನಮ್ಮ ಪ್ರೋಗ್ರಾಮು ಇರುವ ಫೋಲ್ಡರಿಗೆ. ಪೈಥಾನ್ ಜೊತೆ ಬಂದ ಲೈಬ್ರರಿಯ ಸರದಿ ಆಮೇಲೆ. ಪಿಪ್‌ನಿಂದ ಹಾಕಿಕೊಂಡವುಗಳದ್ದು ಅದಕ್ಕೂ ಹಿಂದೆ.

‘ಮಂಜುನಾಥನನ್ನು ಕರೆದುಕೊಂಡು ಬಾ’ ಎಂದರೆ ಬೀದಿಯಲ್ಲಿ ಮೊದಲು ಸಿಕ್ಕ ಮಂಜುನಾಥನನ್ನೇ ಎಳೆತರುವ ಆಳಿನಂತೆ ಇದು. ಆ ಹುಡುಗಿಯ ಫೈಲು ತನ್ನನ್ನೇ ತಾನು ಇಂಪೋರ್ಟ್ ಮಾಡಿಕೊಂಡಿತ್ತು. ಹೆಸರನ್ನು ‘ದಾಳ.ಪಿವೈ’ ಎಂದು ಬದಲಿಸಿದೊಡನೆ ಆಟ ನಡೆಯಿತು. ಹೌದು, ಪೈಥಾನ್ 3 ಕನ್ನಡ ಲಿಪಿಯ ಹೆಸರುಗಳನ್ನೂ ಒಪ್ಪುತ್ತದೆ. ಈ ಗೊಂದಲ ಎಷ್ಟು ಸಾಮಾನ್ಯವೆಂದರೆ, 2024ರಲ್ಲಿ ಬಂದ 3.13ನೇ ಆವೃತ್ತಿ ಇಂಥ ಕಡೆ ‘ಫೈಲಿನ ಹೆಸರು ಬದಲಿಸಿ ನೋಡಿ’ ಎಂದು ತಾನೇ ಸೂಚಿಸುತ್ತದೆ.

ಫೈಲುಗಳು ಹೆಚ್ಚಿದಾಗ ಅವನ್ನು ಒಂದು ಫೋಲ್ಡರಿನಲ್ಲಿ ಸೇರಿಸಿದರೆ ಅದೇ ಪ್ಯಾಕೇಜ್. ‘ಅಂಕಪಟ್ಟಿ’ ಎಂಬ ಫೋಲ್ಡರು, ಅದರೊಳಗೆ ಲೆಕ್ಕ ಮತ್ತು ಮುದ್ರಣ ಎಂಬ ಫೈಲುಗಳು, ಜೊತೆಗೆ ‘ಇನಿಟ್’ ಫೈಲು. 3.3ರಿಂದೀಚೆಗೆ ಇನಿಟ್ ಇಲ್ಲದೆಯೂ ನಡೆಯುತ್ತದೆ. ಆದರೂ ನಾನು ಇಡಿಸುತ್ತೇನೆ, ಇದು ಪ್ಯಾಕೇಜ್ ಎಂದು ಓದುವವರಿಗೆ ತಿಳಿಯಲಿ ಎಂದು. ಒಳಗಿನ ಫೈಲುಗಳು ಚುಕ್ಕಿ ಹಾಕಿ ಒಂದನ್ನೊಂದು ಕರೆಯಬಹುದು: ‘ಫ್ರಮ್ . ಇಂಪೋರ್ಟ್ ಲೆಕ್ಕ’. ಆದರೆ ಮುದ್ರಣ ಫೈಲನ್ನು ನೇರವಾಗಿ ಓಡಿಸಿದರೆ, ತಾನು ಯಾವ ಪ್ಯಾಕೇಜಿಗೆ ಸೇರಿದ್ದೆಂಬುದೇ ಅದಕ್ಕೆ ಗೊತ್ತಿರುವುದಿಲ್ಲ. ಚುಕ್ಕಿ ಕೆಲಸ ಮಾಡುವುದಿಲ್ಲ. ಫೋಲ್ಡರಿನ ಹೊರಗೆ ನಿಂತು ‘ಪೈಥಾನ್ -ಎಮ್ ಅಂಕಪಟ್ಟಿ.ಮುದ್ರಣ’ ಎನ್ನಬೇಕು.

ಇಂಪೋರ್ಟ್ ಕೈಕೊಟ್ಟಾಗ ಕೋಡು ತಿದ್ದಲು ಹೋಗಬೇಡಿ. ಮೊದಲು ‘ಸಿಸ್.ಪಾತ್’ ಪ್ರಿಂಟ್ ಮಾಡಿ, ನಿಮ್ಮ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲು ಇದೆಯೇ ನೋಡಿ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ.